ಮುಗಿಯದ ದರ್ಬಾರ್ ಸೀನು

ನವೆಂಬರ್ 24, ಸೋಮವಾರ

ಇವತ್ತು ನಿಡಘಟ್ಟದ ಅಂಕಯ್ಯ ಮಾವ ಬಂದಿದ್ದರು. ಅವರ ಊರಿನ ನಾಟಕ ಸಂಘಕ್ಕೆ ಹೊಸ ದರ್ಬಾರ್ ಸೀನಿನ ಪರದೆ ಬೇಕಂತೆ. ಶಿವರಾತ್ರಿ ಕಳೆದ ಮೇಲೆ ನಾಟಕ. ಬಾಣಂತಿ ಕೋಣೆಗೆ ಗಂಡಸರು ಬರಬಾರದು ಅಂತ ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವರು ನಡುಮನೆಯಿಂದಲೇ ಕೂಗಿ ಮಾತಾಡಿದರು.

"ನೋಡವ್ವ ನಾಗಶ್ರೀ, ನಿಮ್ಮಪ್ಪಂಗೆ ಕೈ ನಡುಗ್ತದೆ, ಇನ್ನು ತನ್ನ ಕೈಲಿ ಆಗಾಕಿಲ್ಲ ಅಂತ ಅವ್ನೇ ಏಳ್ದ. ನೀನೇ ಬರೀಬೇಕು. ಮಂಡ್ಯದಲ್ಲಿ ಪ್ಲೆಕ್ಸ್ ಒಡ್ಸಿಕೊಡ್ತೀವಿ ಅಂತಾರೆ, ನಂಗೆ ಬ್ಯಾಡ. ಪ್ಲೆಕ್ಸ್ ಮುಂದೆ ಕಿರೀಟ ಆಕ್ಕೊಂಡು ನಿಂತ್ರೆ ರಾಜ ಅನ್ನಿಸಾಕಿಲ್ಲ, ಎಲೆಕ್ಸನ್ಗೆ ನಿಂತೋನು ಅನ್ನಿಸ್ತೀನಿ."

ಒಳಗೆ ನಾನು ಜೋರಾಗಿ ನಕ್ಕುಬಿಟ್ಟೆ. ಪುಟ್ಟಿ ಹಾಲು ಕುಡಿಯುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಅವಳು ಹುಟ್ಟಿದ ಮೇಲೆ ನಾನು ನಕ್ಕಿದ್ದನ್ನು ಕೇಳಿದ್ದು ಇದೇ ಮೊದಲೇನೋ.

"ಆಗಲಿ ಮಾವ, ಬರೀತೀನಿ" ಅಂದೆ.

ಅವರು ಹೋದ ಮೇಲೆ ಅವ್ವ ಶುರು ಮಾಡಿದಳು. "ಬಾಣ್ತಿ ಅನ್ನೋ ಗ್ಯಾನ ಅದಾ ನಿಂಗೆ? ಸೊಂಟ ಇನ್ನೂ ಕೂಡಿಲ್ಲ, ನೆಲದ ಮ್ಯಾಲೆ ಬಗ್ಗಿ ಪರ್ದೆ ಬರೀತಾಳಂತೆ."

ಅವ್ವನಿಗೆ ಹೇಗೆ ಹೇಳುವುದು? ಅಪ್ಪ ಈ ಜಿಲ್ಲೆಯ ಊರೂರಿಗೂ ನಾಟಕದ ಪರದೆ ಬರೆದವನು. ನಾನು ಅವನ ಪಕ್ಕ ಕೂತು ಬ್ರಷ್ಷು ತೊಳೆಯುತ್ತ ಬೆಳೆದೆ, ಆಮೇಲೆ ಮೈಸೂರಿಗೆ ಹೋಗಿ ಚಿತ್ರಕಲೆ ಓದಿದೆ. ಮದುವೆಯಾಗಿ ಮಳವಳ್ಳಿ ಸೇರಿದ ಮೇಲೂ ಕೆಲಸ ಬಂದಾಗಲೆಲ್ಲ ಮದ್ದೂರಿನ ಈ ತವರಿಗೆ ಓಡಿ ಬರುತ್ತಿದ್ದೆ. ಆದರೆ ಇದುವರೆಗೆ ಎಲ್ಲವೂ ಅಪ್ಪನ ಪರದೆ. ಇದು ನನ್ನದಾಗುತ್ತದೆ.

ಪುಟ್ಟಿ ಎಣ್ಣೆ ನೀರು ಹಾಕಿಸಿಕೊಂಡ ಮೇಲೆ ಗಾಢವಾಗಿ ಮಲಗುತ್ತಾಳೆ. ಆ ಹೊತ್ತು ನನ್ನದು. ಸಂಕ್ರಾಂತಿಯೊಳಗೆ ಗೆರೆ ಮುಗಿಸಿದರೆ ಬಣ್ಣಕ್ಕೆ ಬೇಕಾದಷ್ಟು ಸಮಯ ಇರುತ್ತದೆ.

ನವೆಂಬರ್ 28, ಶುಕ್ರವಾರ

ಮನೆಯ ಹಿಂದಿನ ಬೆಲ್ಲದ ಗೋಡೌನಿನಲ್ಲಿ ಬಟ್ಟೆ ಹಾಸಿಯಾಯಿತು. ಬೆಲ್ಲದ ವ್ಯಾಪಾರ ನಿಂತು ಎಷ್ಟೋ ವರ್ಷವಾದರೂ ನೆಲ ಇನ್ನೂ ಸಿಹಿ ವಾಸನೆ ಬಿಡುತ್ತದೆ. ಇರುವೆಗಳೂ ಅದನ್ನು ಮರೆತಿಲ್ಲ. ದೊಡ್ಡ ಪರದೆಯನ್ನು ಮಡಚದೆ ಹಾಸಲು ಮದ್ದೂರಿನಲ್ಲಿ ಇಷ್ಟು ಅಗಲದ ಜಾಗ ಬೇರೆ ಸಿಗುವುದಿಲ್ಲ ಅಂತ ಅಪ್ಪ ಇದನ್ನು ಬಾಡಿಗೆಗೆ ಹಿಡಿದದ್ದು. ಗೋಂದು ಕುದಿಸಿ, ಬಿಳಿ ಪುಡಿ ಕಲಸಿ ಮೊದಲನೇ ಕೋಟು ಅವನೇ ಹೊಡೆದ. ಅಗಲ ಬ್ರಷ್ಷು ಹಿಡಿದಾಗ ಅವನ ಕೈ ನಡುಗುವುದು ಗೊತ್ತಾಗುವುದಿಲ್ಲ. ಆಮೇಲೆ ತೊಲೆಗೆ ಅವ್ವನ ಹಳೆ ಸೀರೆಯಲ್ಲಿ ಒಂದು ಜೋಲಿ ಕಟ್ಟಿಕೊಟ್ಟ.

"ಅಪ್ಪ, ಕಂಬ ಎಷ್ಟು ಹಾಕಲಿ?"

"ನಿಂಗೆ ಬಿಟ್ಟಿದ್ದು ಕಣ್ ಮಗ. ನಾನು ಬರ್ದಿದ್ದೆಲ್ಲ ಒಂದೇ ದರ್ಬಾರು. ನೀನು ಬ್ಯಾರೆ ಬರಿ."

ನನಗೆ ಆಗಲೇ ಕಾಣುತ್ತಿದೆ. ಎರಡು ಸಾಲು ಕಂಬ, ನಡುವೆ ಉದ್ದಕ್ಕೆ ಹೋಗುವ ಹಾದಿ, ಹಾದಿಯ ಕೊನೆಗೆ ಒಂದು ಕಮಾನು, ಕಮಾನಿನಾಚೆ ತೋಟ, ತೋಟದ ಮೇಲೆ ಒಂದು ತುಂಡು ಸಂಜೆ ಆಕಾಶ. ಕೊನೇ ಸಾಲಿನಲ್ಲಿ ಕೂತವನಿಗೂ ಎದ್ದು ಆ ಹಾದಿಯಲ್ಲಿ ನಡೆದು ಹೋಗೋಣ ಅನ್ನಿಸಬೇಕು. ಕಂಬಕ್ಕೆ ಮಾಗಿದ ನಿಂಬೆಯ ಹಳದಿ, ನೆರಳಿಗೆ ಬದನೆಕಾಯಿಯ ನೇರಳೆ. ಆಕಾಶಕ್ಕೆ ಏನು ಅಂತ ಇನ್ನೂ ಗೊತ್ತಿಲ್ಲ. ಪುಟ್ಟಿಯ ಹಿಮ್ಮಡಿ ಸ್ನಾನವಾದ ಮೇಲೆ ಒಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದನ್ನು ಪ್ರಯತ್ನಿಸಬೇಕು.

ಡಿಸೆಂಬರ್ 4, ಗುರುವಾರ

ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಹೆತ್ತ ಮೇಲೂ ಕೆಲಸದ ಮೇಲೆ ಗಮನ ಇಡುವುದು ಹೇಗೆ ಅಂತ ಒಬ್ಬಳು ಹೇಳುತ್ತಾಳೆ. ಮಗುವಿಗಿಂತ ಮೊದಲು ಏಳಿ. ದಿನಕ್ಕೆ ಒಂದೇ ಒಂದು ಸಣ್ಣ ಗುರಿ ಇಟ್ಟುಕೊಳ್ಳಿ. ಅವಳ ಮೇಜಿನ ಮೇಲೆ ಹೂದಾನಿ, ಬಿಳಿ ಲೋಟ. ಅವಳ ಮಗು ಯಾವ ಕೋಣೆಯಲ್ಲಿತ್ತೋ, ದನಿ ಕೇಳಿಸಲಿಲ್ಲ.

ನಾನೂ ಗುರಿ ಇಟ್ಟುಕೊಂಡೆ. ಎಡಗಡೆಯ ಮೊದಲ ಕಂಬ, ಅಷ್ಟೇ. ದಾರಕ್ಕೆ ಇದ್ದಿಲ ಪುಡಿ ಸವರಿ, ಎರಡೂ ತುದಿ ಬಿಗಿಯಾಗಿ ಹಿಡಿದು ಮೀಟಿದರೆ ಬಟ್ಟೆಯ ಮೇಲೆ ನೆಟ್ಟಗೆ ಗೆರೆ ಬೀಳುತ್ತದೆ. ಒಂದು ತುದಿ ಅಪ್ಪ ಹಿಡಿದ. ಅವನ ಕೈ ನಡುಗಿ ಒಂದು ಗೆರೆಯ ಬದಲು ಮೂರು ಬಿದ್ದವು. ಏನೂ ಆಗದವನಂತೆ ಎದ್ದು ಆಚೆ ಹೋದ. ಮೊಳೆಗೆ ಕಟ್ಟಿ ನಾನೊಬ್ಬಳೇ ಮೀಟಲು ಹೊರಟಾಗ ಪುಟ್ಟಿ ಎದ್ದಳು. ಅವಳ ದನಿ ಕೇಳಿದ್ದೇ ತಡ, ನನಗೆ ಗೊತ್ತಾಗುವ ಮೊದಲೇ ಹಾಲು ಇಳಿದು ರವಿಕೆ ದಾಟಿ ಬಟ್ಟೆಯ ಮೇಲೆ ಬಿತ್ತು. ಬಿದ್ದ ಕಡೆ ಗೋಂದು ನೆನೆದು ಉಬ್ಬಿತು. ಒರೆಸಿದೆ, ಇನ್ನೂ ಹರಡಿತು.

ಇರಲಿ. ಅಲ್ಲಿ ಕಂಬದ ನೆರಳು ಬರುತ್ತದೆ, ಮುಚ್ಚಿಹೋಗುತ್ತದೆ.

ಡಿಸೆಂಬರ್ 13, ಶನಿವಾರ

ಪುಟ್ಟಿಯ ಅಪ್ಪ ರವಿಚಂದ್ರ ಬಂದರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮಳವಳ್ಳಿಯಿಂದ ನೇರ ಬಸ್ಸು ಹತ್ತಿ ಬರುತ್ತಾರೆ, ಊಟ ಕೂಡ ಮಾಡಿರುವುದಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ನಡುಮನೆಯೆಲ್ಲ ಓಡಾಡಿದರು. ಆ ಹೊತ್ತು ನಾನು ಗೋಡೌನಿಗೆ ಹೋದೆ. ಕಂಬದ ತಲೆಯ ಬೋದಿಗೆಯಲ್ಲಿ ಎರಡು ಎಲೆ ಬಂದಿದ್ದವು, ಅಷ್ಟರಲ್ಲಿ ಮನೆಯೊಳಗಿಂದ ಗಲಾಟೆ ಕೇಳಿ ಓಡಿಬಂದೆ.

ಪುಟ್ಟಿ ನಕ್ಕಿದ್ದಳು. ಮೊದಲನೇ ನಗು. ಅವ್ವ, ಅಪ್ಪ, ಇವರು, ಮೂವರೂ ನೋಡಿದರು. ನಾನು ಹತ್ತಿರ ಹೋಗಿ ಎಷ್ಟು ಕರೆದರೂ ಮತ್ತೆ ನಗಲಿಲ್ಲ.

ಊಟ ಮಾಡುವಾಗ ಇವರು ಅಂದರು, "ಆಮೇಲೆ ಮಾಡಿದ್ರಾಯ್ತು ಬಿಡು ನಾಗು. ನಾಟಕ ಪ್ರತಿ ವರ್ಷ ಆಡ್ತಾರೆ. ಪುಟ್ಟಿ ಇಷ್ಟು ಚಿಕ್ಕದಾಗಿ ಇನ್ನೊಂದು ಸಲ ಇರಲ್ಲ."

ಅದರಲ್ಲಿ ತಪ್ಪೇನೂ ಇಲ್ಲ. ಇವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಇವರು ಸೋಮವಾರ ಸ್ಕೂಲಿಗೆ ಹೋಗುತ್ತಾರೆ, ಪಾಠ ಮಾಡುತ್ತಾರೆ. ಯಾರೂ ಇವರನ್ನು ಆಮೇಲೆ ಮಾಡಿ ಅನ್ನುವುದಿಲ್ಲ.

ಡಿಸೆಂಬರ್ 22, ಸೋಮವಾರ

ಎರಡನೇ ಕಂಬ. ಮೂರನೆಯದು ಅರ್ಧ.

ಮಗು ಮಲಗುತ್ತದೆ, ನಾನು ಇದ್ದಿಲು ಎತ್ತುತ್ತೇನೆ, ಮಗು ಏಳುತ್ತದೆ. ಈಗ ಮಗು ಮಲಗಿದರೂ ಇದ್ದಿಲು ಎತ್ತಲು ಭಯ, ಎತ್ತಿದರೆ ಏಳುತ್ತದೆ ಅಂತ. ಅದಕ್ಕೆ ಹೇಗೆ ಗೊತ್ತಾಗುತ್ತದೋ. ಮೂಗಿಗೆ ಗೋಂದಿನ ವಾಸನೆ ಬಡಿಯುತ್ತದೇನೋ ಅಂತ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿದೆ. ಚರ್ಮ ಸುಲಿದು ಉರಿಯುತ್ತಿದೆ.

"ಏನ್ ಮಾಡ್ಕೊಂಡೆ ಕೈಯ?" ಅಂದಳು ಅವ್ವ.

"ಬಣ್ಣ ಹೋಗಲಿಲ್ಲ" ಅಂದೆ. ಇನ್ನೂ ಬಣ್ಣವನ್ನೇ ಮುಟ್ಟಿಲ್ಲ ಅಂತ ಅವಳಿಗೆ ಗೊತ್ತಿಲ್ಲ.

ಡಿಸೆಂಬರ್ 29, ಸೋಮವಾರ

ಅವ್ವ ಮಗುವನ್ನು ಎತ್ತಿಕೊಂಡು ಎದುರು ಮನೆಗೆ ಹೋಗಿದ್ದಳು. ಗೋಡೌನಿನಲ್ಲಿ ನಾನೊಬ್ಬಳೇ. ಜೋಲಿಯೊಳಗಿಂದ ಅಳು ಕೇಳಿಸಿತು. ಹೋಗಿ ನೋಡಿದೆ, ಜೋಲಿ ಖಾಲಿ. ಬಂದು ಕೂತರೆ ಮತ್ತೆ ಅಳು. ನಲ್ಲಿ ಬಿಟ್ಟರೆ ನೀರಿನಲ್ಲಿ ಕೇಳಿಸುತ್ತದೆ, ಫ್ಯಾನು ಹಾಕಿದರೆ ಫ್ಯಾನಿನಲ್ಲಿ. ನಿದ್ದೆ ಕಡಿಮೆಯಾಗಿದೆ, ಅದಕ್ಕೇ ಇರಬೇಕು. ಮಲಗಿದರೆ ಸರಿಹೋಗುತ್ತದೆ. ಮಲಗುತ್ತೇನೆ, ಕಣ್ಣು ಮುಚ್ಚುತ್ತೇನೆ, ನಿದ್ದೆ ಮಾತ್ರ ಬರುವುದಿಲ್ಲ. ಮಗು ಪಕ್ಕದಲ್ಲಿ ಹಾಯಾಗಿ ಮಲಗಿರುತ್ತದೆ.

ಇವತ್ತು ಬಣ್ಣದ ಡಬ್ಬಿಗಳನ್ನು ತೆಗೆದೆ. ಕೆಂಪು ಇಟ್ಟಿಗೆ ಪುಡಿಯ ಹಾಗಿದೆ. ಹಳದಿಯಲ್ಲಿ ಜೀವವೇ ಇಲ್ಲ, ಗೋಡೆಗೆ ಹೊಡೆಯುವ ಮಣ್ಣು. ಮಂಡ್ಯದ ಅಂಗಡಿಯವನು ಹಳೇ ಸರಕು ಕಟ್ಟಿ ಕಳಿಸಿದ್ದಾನೆ. ಅಪ್ಪನನ್ನು ಕರೆದು ತೋರಿಸಿದೆ. ಅವನು ಚಿಟಿಕೆ ತೆಗೆದು ಅಂಗೈಗೆ ಹಾಕಿಕೊಂಡು ಬಾಗಿಲ ಬೆಳಕಿಗೆ ಹೋಗಿ ನೋಡಿದ.

"ಚೆನ್ನಾಗೇ ಅದಲ್ಲ ಮಗ."

ಅಪ್ಪನಿಗೆ ಕಣ್ಣೂ ಮಂದವಾಗುತ್ತಿದೆ. ಪಾಪ.

ಜನವರಿ 6, ಮಂಗಳವಾರ

ಊಟ ಸೇರುವುದಿಲ್ಲ. ಅವ್ವ ಬೈದಳು. ಮೂರು ಕಂಬ ಬರೆದೆ. ಅಳು.

ಜನವರಿ 9, ಶುಕ್ರವಾರ

ಎರಡು ಕಂಬ.

ಜನವರಿ 16, ಶುಕ್ರವಾರ

ನಿನ್ನೆ ಸಂಕ್ರಾಂತಿ. ಎಳ್ಳು ಬೀರಲು ಬಂದವರೆಲ್ಲ ಮಗುವನ್ನು ಎತ್ತಿ ಎತ್ತಿ ನೋಡಿದರು. ಪಕ್ಕದ ಬೀದಿಯ ಮಂಚಮ್ಮ ನನ್ನನ್ನೇ ನೋಡಿ ಅವ್ವನಿಗೆ ಅಂದಳು, "ಏನ್ ಶಿವನಂಜಮ್ಮ, ನಿನ್ ಮಗಳಿಗೆ ಬಾಣ್ತಿ ಕಳೆನೇ ಇಲ್ವಲ್ಲ. ತಿನ್ನಾಕೆ ಇಕ್ತಿದ್ದೀಯೋ ಇಲ್ವೋ?" ಅವ್ವನಿಗೆ ಅವಮಾನವಾಯಿತು. ಅವಳು ದಿನಾ ಹಂಡೆ ಕಾಯಿಸಿ ನನ್ನ ಸೊಂಟಕ್ಕೆ ಬಿಸಿ ನೀರು ಎರಚುತ್ತಾಳೆ, ಮೆಣಸು ಬೆಳ್ಳುಳ್ಳಿ ಅರೆಯುತ್ತಾಳೆ, ಸಾಂಬ್ರಾಣಿ ಹಾಕುತ್ತಾಳೆ. ಅಷ್ಟೆಲ್ಲ ಮಾಡಿಸಿಕೊಂಡೂ ನಾನು ಹೀಗೆ ಕಾಣುತ್ತೇನೆ.

ಗೆರೆ ಮುಗಿಯಿತು ಅಂತ ಇವತ್ತು ಅಪ್ಪನನ್ನು ಗೋಡೌನಿಗೆ ಕರೆದೆ. ಹೇಳಿದ ಹೊತ್ತಿಗೇ ಮುಗಿಸಿದ್ದೇನೆ. ಅಪ್ಪ ಅಟ್ಟದ ಏಣಿ ಹತ್ತಿ ಮೇಲಿನಿಂದ ನೋಡಿದ.

"ಮಗ, ಆದಿ ಎಲ್ಲಿ?"

"ಯಾವ ಹಾದಿ?"

"ನಡುವೆ ಆದಿ ಬಿಡ್ತೀನಿ ಅಂದಿದ್ದೆ, ಕಮಾನು, ತೋಟ. ಬರೀ ಕಂಬನೇ ಅವಲ್ಲ. ಒಂದಕ್ಕೊಂದು ಅಂಟ್ಕೊಂಡು ನಿಂತವೆ. ರಾಜ ಎಲ್ಲಿಂದ ಬರ್ಬೇಕು?"

ನಾನೂ ಏಣಿ ಹತ್ತಿ ನೋಡಿದೆ. ಕಂಬಗಳು ಚೆನ್ನಾಗಿವೆ, ಬೋದಿಗೆಗಳು ಸರಿಯಾಗಿವೆ. ಹಾದಿ ಬಿಡುವುದು ಮರೆತಿರಬೇಕು. ಪಕ್ಕದಿಂದ ಬರಲಿ ಬಿಡು ಅಂದೆ.

ಅಪ್ಪ ಕೆಳಗಿಳಿದು ನನ್ನ ಕೈಯಿಂದ ಇದ್ದಿಲು ತೆಗೆದುಕೊಂಡ. "ಸ್ವಲ್ಪ ದಿನ ಇದ್ನ ಮುಟ್ಬೇಡ. ಅಂಕಯ್ಯಂಗೆ ನಾನು ಏಳ್ಕೋತೀನಿ."

ಆಗ ನಾನು ಕಿರುಚಿದೆ. ಏನು ಕಿರುಚಿದೆನೋ ಪೂರ್ತಿ ನೆನಪಿಲ್ಲ. ಇದೊಂದನ್ನೂ ಕಿತ್ತುಕೊಂಡರೆ ನನ್ನಲ್ಲಿ ಏನು ಉಳಿಯುತ್ತದೆ ಅಂದೆ. ನಿನ್ನ ಕೈ ಹೋಗಿದ್ದಕ್ಕೆ ನನ್ನ ಕೈಯನ್ನೂ ಕಟ್ಟುತ್ತೀಯಾ ಅಂದೆ. ಆ ಮಾತು ಮಾತ್ರ ನೆನಪಿದೆ. ಅಪ್ಪ ಇದ್ದಿಲನ್ನು ನೆಲದ ಮೇಲಿಟ್ಟು ಹೊರಟುಹೋದ. ಇಡುವಾಗ ಅದು ಕೈಯಲ್ಲಿ ಎರಡು ಸಲ ಕುಣಿಯಿತು.

ಜನವರಿ 21, ಬುಧವಾರ

ನಾನು ಇಲ್ಲದಿದ್ದರೆ ಇವರೆಲ್ಲ ಮಗುವನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬೇಜಾರಿನಿಂದ ಬರೆಯುತ್ತಿಲ್ಲ. ಯೋಚನೆ ಮಾಡಿ ನೋಡಿದೆ, ಹಾಗೇ ಅನ್ನಿಸಿತು.

ಜನವರಿ 25, ಭಾನುವಾರ

ಗುರುವಾರ ನಡೆದದ್ದನ್ನು ಬರೆದಿಡುತ್ತೇನೆ. ಎಲ್ಲರೂ ಕೇಳಿ ಕೇಳಿ ನನಗೇ ಗೊಂದಲವಾಗುತ್ತಿದೆ.

ಅಪ್ಪ ಬೆಳಗ್ಗೆ ಹತ್ತಿರದ ಕೊಪ್ಪಕ್ಕೆ ಹೋಗಿದ್ದ, ಯಾರದೋ ಹಳೇ ಪರದೆ ಹರಿದಿತ್ತಂತೆ. ಅವ್ವ ಮಗುವಿಗೆ ನೀರು ಹಾಕಿ, ಗೋಡೌನಿನ ಜೋಲಿಯಲ್ಲಿ ಮಲಗಿಸಿ, ಹಾಲಿನ ಡೇರಿಗೆ ಹೋದಳು. ಅಲ್ಲಿಂದ ಹಾಗೇ ಯಾರದೋ ಮನೆಗೆ ಹೋಗಿದ್ದಳು. ನಾನು ಕಂಬಗಳಿಗೆ ಬಣ್ಣ ಹಾಕಲು ಕೂತೆ. ಯಾವ ಡಬ್ಬಿ ತೆಗೆದರೂ ಒಂದೇ ಬಣ್ಣ ಕಾಣುತ್ತಿತ್ತು. ಮಗು ಅಳಲು ಶುರು ಮಾಡಿತು. ಎತ್ತಿಕೊಂಡೆ, ಹಾಲು ಕೊಟ್ಟೆ, ಬಟ್ಟೆ ಬದಲಾಯಿಸಿದೆ, ಭುಜಕ್ಕೆ ಹಾಕಿಕೊಂಡು ಓಡಾಡಿದೆ. ನಿಲ್ಲಿಸಲಿಲ್ಲ. ಜೋಲಿಯಲ್ಲಿ ಹಾಕಿದೆ. ಆಚೆ ಬಂದೆ. ಬಾಗಿಲು ಎಳೆದು ಬೀಗ ಹಾಕಿದೆ. ಬೀಗ ಯಾಕೆ ಹಾಕಿದೆ ಅಂತ ಎಲ್ಲರೂ ಕೇಳುತ್ತಾರೆ. ಗೋಡೌನಿನಿಂದ ಆಚೆ ಬಂದಾಗಲೆಲ್ಲ ಬೀಗ ಹಾಕುತ್ತೇನೆ. ಕೈಗೆ ಅದೇ ಅಭ್ಯಾಸ.

ಬಸ್ ಸ್ಟ್ಯಾಂಡಿಗೆ ನಡೆದೆ. ಮಳವಳ್ಳಿ ಬಸ್ಸು ನಿಂತಿತ್ತು, ಹತ್ತಿದೆ. ಕಂಡಕ್ಟರ್ ಆಧಾರ್ ಕೇಳಿದ, ಫೋನಿನಲ್ಲಿ ತೋರಿಸಿದೆ, ಸೊನ್ನೆ ಟಿಕೆಟ್ಟು ಹರಿದುಕೊಟ್ಟ. ಕಿಟಕಿ ಪಕ್ಕ ಕೂತೆ. ಬಸ್ಸು ಊರು ಬಿಟ್ಟ ಮೇಲೆ ಒಂದು ವಿಷಯ ಗೊತ್ತಾಯಿತು. ಅಳು ನಿಂತಿತ್ತು. ಇಂಜಿನ್ ಸದ್ದಿನಲ್ಲಿ ಬರೀ ಇಂಜಿನ್ ಸದ್ದೇ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ: ನನಗೆ ಅಷ್ಟು ನೆಮ್ಮದಿ ಎಷ್ಟೋ ದಿನದಿಂದ ಆಗಿರಲಿಲ್ಲ. ಭಾರತೀನಗರದ ಹತ್ತಿರ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತಾಗ ತೂಕಡಿಕೆಯೂ ಬಂತು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತೋಳು ಅಲ್ಲಾಡಿಸಿದಳು. "ಕೂಸೆಲ್ಲವ್ವ?"

"ಯಾಕೆ?"

"ಸೀರೆ ನೋಡ್ಕೊ."

ಸೆರಗೆಲ್ಲ ಹಾಲಿನಿಂದ ನೆನೆದಿತ್ತು. "ಮನೇಲಿದೆ" ಅಂದೆ. "ಅಸ್ಕೊಂಡಿರ್ತದೆ, ಬೇಗ ಓಗವ್ವ" ಅಂದಳು. ನಾನು ಸರಿ ಅಂದೆ. ಅವಳು ಯಾವುದೋ ಬೇರೆ ಮಗುವಿನ ಮಾತಾಡುತ್ತಿದ್ದಾಳೆ ಅನ್ನಿಸಿತ್ತು.

ಮಳವಳ್ಳಿಯಲ್ಲಿ ಇಳಿದು ಇವರ ಸ್ಕೂಲಿಗೆ ನಡೆದೆ. ಹುಡುಗಿಯೊಬ್ಬಳು ಇವರನ್ನು ಕ್ಲಾಸಿನಿಂದ ಕರೆತಂದಳು. ಇವರ ಕೈತುಂಬ ಸೀಮೆಸುಣ್ಣದ ಪುಡಿ. ನನ್ನನ್ನು ನೋಡಿ ಮೊದಲು ನಕ್ಕರು. ಆಮೇಲೆ ನನ್ನ ಹಿಂದೆ ನೋಡಿದರು.

"ಪುಟ್ಟಿ ಎಲ್ಲಿ ನಾಗು?"

"ಗೋಡೌನಲ್ಲಿ."

"ಯಾರ ಹತ್ರ?"

ನಾನು ಕೈ ಬಿಚ್ಚಿದೆ. ಬೀಗದ ಕೈ ಅಂಗೈಯಲ್ಲೇ ಇತ್ತು, ಅಷ್ಟು ದೂರವೂ ಬಿಗಿಯಾಗಿ ಹಿಡಿದುಕೊಂಡೇ ಬಂದಿದ್ದೆ. ಇವರ ಮುಖ ನೋಡಿದ ಮೇಲೆ ನಾನು ಏನು ಮಾಡಿದ್ದೇನೆ ಅಂತ ತಿಳಿಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇವರು ಫೋನು ಮಾಡುತ್ತಿದ್ದರು. ಅವ್ವ ಎತ್ತಲಿಲ್ಲ. ಅಪ್ಪ ಎತ್ತಿದ. ಆಗಷ್ಟೇ ಕೊಪ್ಪದಿಂದ ಬಂದು ಬಸ್ಸಿಳಿದಿದ್ದನಂತೆ.

ಅಪ್ಪ ಕಲ್ಲಿನಿಂದ ಬೀಗ ಒಡೆದ. ಆ ಕೈಯಲ್ಲಿ ಹೇಗೆ ಒಡೆದನೋ.

ಮಗುವಿಗೆ ಏನೂ ಆಗಿರಲಿಲ್ಲ. ಹಾಗಂತ ಎಲ್ಲರೂ ಹೇಳುತ್ತಾರೆ. ಅತ್ತು ಅತ್ತು ದನಿ ಕಟ್ಟಿಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಜೋಲಿಯ ಹಗ್ಗ ಹಿಡಿದು ಇರುವೆಗಳು ಇಳಿದಿದ್ದವು. ಎಡಗಾಲಿಗೆ ಕಚ್ಚಿದ್ದವು.

ಮಳವಳ್ಳಿಯಿಂದ ಬರುವಾಗ ಜೊತೆಯ ಮೇಷ್ಟರೊಬ್ಬರ ಕಾರಿನಲ್ಲಿ ಇವರು ದಾರಿಯುದ್ದಕ್ಕೂ ನನ್ನ ಮುಂಗೈ ಹಿಡಿದುಕೊಂಡಿದ್ದರು. ಒಂದು ಮಾತು ಬೈಯಲಿಲ್ಲ. ಹಿಡಿತ ಮಾತ್ರ ಸಡಿಲ ಮಾಡಲಿಲ್ಲ.

ಅವ್ವ ಮಗುವಿನ ಕಾಲಿಗೆ ಬೆಣ್ಣೆ ಸವರುತ್ತ ಕೂತಿದ್ದಳು. ನಾನು ಹತ್ತಿರ ಹೋದೆ. ಅವಳು ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು.

"ಎತ್ತ ತಾಯಿನಾ ನೀನು?"

ಅಷ್ಟೇ ಅಂದದ್ದು.

ಜನವರಿ 30, ಶುಕ್ರವಾರ

ಮಂಗಳವಾರ ಅವ್ವ ಪಟ್ಟಲಮ್ಮನ ಗುಡಿಯಿಂದ ದಾರ ತಂದು ನನ್ನ ತೋಳಿಗೆ ಕಟ್ಟಿದಳು. ಗಾಳಿ ಸೋಕಿದೆ ಅಂತ. ಕಟ್ಟುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ನನ್ನ ಕಣ್ಣಲ್ಲಿ ಬರಲಿಲ್ಲ. ಇವರು ರಜೆ ಹಾಕಿ ಇವತ್ತು ಮಂಡ್ಯಕ್ಕೆ ಕರೆದುಕೊಂಡು ಹೋದರು. ಮಗುವಿನ ಜೊತೆ ಅವ್ವನೂ ಬಂದಳು.

ಡಾಕ್ಟರು ನನ್ನ ವಯಸ್ಸಿನವರೇ. ನಿದ್ದೆ, ಊಟ ಎಲ್ಲ ಕೇಳಿದರು. ಏನು ಕೆಲಸ ಮಾಡುತ್ತೀರಿ ಅಂದರು. ಹೇಳಿದೆ. ಆಮೇಲೆ ಇವರನ್ನೂ ಅವ್ವನನ್ನೂ ಆಚೆ ಕಳಿಸಿ ಕೇಳಿದರು, "ಸಾಯಬೇಕು ಅನ್ನಿಸುತ್ತಾ?"

"ಮಲಗಬೇಕು ಅನ್ನಿಸುತ್ತೆ."

"ಮಲಗಿ ಏಳಬೇಕು ಅನ್ನಿಸುತ್ತಾ?"

ತೋಳಿನ ದಾರದ ಗಂಟನ್ನು ತಿರುಗಿಸುತ್ತ ಕೂತೆ. ಅವರು ಏನೋ ಬರೆದುಕೊಂಡರು.

ಅವ್ವ ಒಳಗೆ ಬಂದು ಸೀದಾ ಕೇಳಿದಳು, "ಉಚ್ಚು ಇಡ್ದದಾ ಡಾಕ್ಟ್ರೇ?"

"ಅಲ್ಲಮ್ಮ. ಹೆರಿಗೆ ಆದ ಮೇಲೆ ಕೆಲವರಿಗೆ ಬರುವ ಕಾಯಿಲೆ. ಮಾತ್ರೆ ತೊಗೊಂಡ್ರೆ ಗುಣ ಆಗುತ್ತೆ, ಸ್ವಲ್ಪ ದಿನ ಹಿಡಿಯುತ್ತೆ. ಹಾಲು ಕೊಡಬಹುದು. ಸದ್ಯಕ್ಕೆ ಇವರನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ."

ಬಸ್ಸಿನಲ್ಲಿ ಮಾತ್ರೆಯ ಚೀಟಿ ತೆಗೆದು ನೋಡಿದೆ. ಕಾಯಿಲೆಯಂತೆ. ಕಾಯಿಲೆ ಆದರೆ ಬೀಗ ಹಾಕಿದ್ದು ಯಾರು?

ಫೆಬ್ರವರಿ 7, ಶನಿವಾರ

ಈಗ ನನಗೆ ಬೇಕಾದಷ್ಟು ಸಮಯ. ಮಗುವನ್ನು ಹಾಲಿಗೆ ಮಾತ್ರ ತಂದುಕೊಡುತ್ತಾರೆ. ಕುಡಿಯುವಷ್ಟು ಹೊತ್ತು ಅವ್ವ ಎದುರಿಗೆ ಕೂತಿರುತ್ತಾಳೆ, ಮುಗಿದ ತಕ್ಷಣ ಎತ್ತಿಕೊಂಡು ಹೋಗುತ್ತಾಳೆ. ನಾನು ಬಟ್ಟೆ ಒಗೆಯುವುದಿಲ್ಲ, ತೂಗುವುದಿಲ್ಲ. ನವೆಂಬರಿನಲ್ಲಿ ನಾನು ದೇವರ ಹತ್ತಿರ ಕೇಳಿಕೊಂಡಿದ್ದರೆ ಇದನ್ನೇ ಕೇಳಿಕೊಳ್ಳುತ್ತಿದ್ದೆ.

ಗೋಡೌನಿಗೆ ಹೋಗಿ ಬಟ್ಟೆಯ ಅಂಚಿನಲ್ಲಿ ಕೂತೆ. ಅಪ್ಪ ಹೊಸ ಬೀಗ ತಂದಿಲ್ಲ, ಬಾಗಿಲಿಗೆ ತಂತಿ ಸುತ್ತಿದ್ದಾನೆ. ಇದ್ದಿಲು ಹಿಡಿದೆ. ಹಾದಿಗೆ ಜಾಗ ಮಾಡಲು ಎರಡು ಕಂಬ ಅಳಿಸಬೇಕು, ಅಷ್ಟೇ ಕೆಲಸ. ಅಳಿಸಬೇಕಾದ ಕಂಬ ಯಾವುದು ಅಂತ ನೋಡುತ್ತ ಕೂತೆ. ಅವ್ವ ಊಟಕ್ಕೆ ಕರೆದಳು.

ಯಾರೂ ಅಡ್ಡ ಬರಲಿಲ್ಲ. ಒಂದು ಗೆರೆಯೂ ಆಗಲಿಲ್ಲ. ಇಷ್ಟು ದಿನ ತಪ್ಪನ್ನು ಮಗುವಿನ ಮೇಲೆ ಹಾಕಿದೆ.

ಫೆಬ್ರವರಿ 11, ಬುಧವಾರ

ಮಾತ್ರೆಯಿಂದ ನಾಲಗೆ ಒಣಗುತ್ತದೆ. ನಿದ್ದೆ ಬರುತ್ತಿದೆ.

ಫೆಬ್ರವರಿ 17, ಮಂಗಳವಾರ

ಅಂಕಯ್ಯ ಮಾವ ಬಂದರು. ಈ ಸಲ ಅವ್ವ ಅಡ್ಡ ನಿಲ್ಲಲಿಲ್ಲ, ಅವರೇ ಬಾಗಿಲ ಹತ್ತಿರ ನಿಂತರು. ತಲೆ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಪ್ಲೆಕ್ಸ್ ಒಡ್ಸುಬುಟ್ಟೆ ಕಣವ್ವ. ಉಡುಗ್ರು ಕೇಳ್ನಿಲ್ಲ. ದಿನ ಅತ್ರ ಬಂತು ಅಂತವ್ರೆ."

"ಒಳ್ಳೇದಾಯ್ತು ಬಿಡಿ ಮಾವ."

"ಮುಂದಿನ್ ವರ್ಷ..." ಅಂದರು. ಮುಂದಿನ ವರ್ಷ ಫ್ಲೆಕ್ಸ್ ಇರುತ್ತದಲ್ಲ, ಮಡಚಿ ಇಟ್ಟಿರುತ್ತಾರೆ. ಅದು ಅವರಿಗೂ ಗೊತ್ತು.

ನಾನು ಏನು ಮಾಡಿದೆ ಅನ್ನುವುದು ಅವರ ಕಿವಿಗೂ ಬಿದ್ದಿದೆ. ಇಡೀ ಮದ್ದೂರಿಗೇ ಗೊತ್ತಿದೆ. ಹೋಗುವಾಗ ಮಗುವನ್ನು ನೋಡುತ್ತೇನೆ ಅಂದರು. ಅವ್ವ ತೋರಿಸಿದಳು. ಮಗು ಅವರ ಮೀಸೆ ಹಿಡಿಯಿತು. ಆ ದೊಡ್ಡ ಮನುಷ್ಯ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮಾರ್ಚ್ 2, ಸೋಮವಾರ

ಶನಿವಾರ ನಾಟಕ ಆಯಿತು. ಅಪ್ಪ ಹೋಗಿದ್ದ, ನಿನ್ನೆ ಬೆಳಗ್ಗೆ ಬಂದು ಮಲಗಿದ. ಇವತ್ತು ಕೇಳಿದೆ.

"ಹೇಗಿತ್ತು ಸೀನು?"

"ಒಳೀತಿತ್ತು" ಅಂದ. ಆಮೇಲೆ, "ಅಂಕಯ್ಯ ಒಂದೂ ಮಾತು ತಪ್ಪಲಿಲ್ಲ. ಆದ್ರೆ ಒಂದ್ ಸಲನೂ ತಿರುಗಿ ಇಂದಕ್ಕೆ ನೋಡ್ನಿಲ್ಲ."

ಗೋಡೌನು ಬಿಟ್ಟುಕೊಡುತ್ತಾನಂತೆ. ಇನ್ನು ಯಾರಿಗೋಸ್ಕರ ಅಂದ. ನಾನು ಬೇಡ ಅನ್ನಬೇಕಿತ್ತು. ಇಬ್ಬರೂ ಸೇರಿ ಪರದೆ ಸುತ್ತಿದೆವು. ಅವನು ಒಂದು ತುದಿ, ನಾನು ಒಂದು ತುದಿ. ಅರ್ಧ ಸುತ್ತಿದಾಗ ನಾನು ಅಂದೆ, "ಅಪ್ಪ, ಅವತ್ತು ಕೈ ಬಗ್ಗೆ ಅಂದದ್ದು..."

"ಸುತ್ತು ಮಗ. ಸಡಿಲ ಬಿಟ್ರೆ ಮಡಿಕೆ ಬೀಳ್ತದೆ" ಅಂದ.

ಮಾರ್ಚ್ 11, ಬುಧವಾರ

ಬೆಳಗ್ಗೆ ಅವ್ವ ಮಗುವನ್ನು ಹಾಲಿಗೆ ತಂದಳು. ಎದುರಿಗೆ ಕೂತಳು. ಕುಡಿದು ಮುಗಿಯಿತು. ಎತ್ತಿಕೊಂಡು ಹೋಗುತ್ತಾಳೆ ಅಂತ ನಾನು ಕೈ ಸಡಿಲ ಮಾಡಿದೆ. ಅವಳು ಎತ್ತಿಕೊಳ್ಳಲಿಲ್ಲ. ಎದ್ದು ಮೊಳೆಯಿಂದ ಚೀಲ ತೆಗೆದುಕೊಂಡಳು.

"ಒಸಿ ಇಡ್ಕೊಂಡಿರು. ಕೊತ್ತಂಬರಿ ತಕ್ಕೊಂಡು ಬತ್ತೀನಿ."

"ಅವ್ವ, ಅಪ್ಪನೂ ಇಲ್ಲ ಮನೇಲಿ."

"ಗೊತ್ತು" ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅವಳು ಹೋದದ್ದೇ ನನಗೆ ಕೈಕಾಲು ತಣ್ಣಗಾಯಿತು. ಗೋಡೆಗೆ ಒರಗಿ ಕೂತು ಅಲ್ಲಾಡಲಿಲ್ಲ. ಅತ್ತರೆ ಏನು ಮಾಡುವುದು ಅಂತ ಕಾಯುತ್ತಿದ್ದೆ. ಅತ್ತಳು. ಭುಜಕ್ಕೆ ಹಾಕಿಕೊಂಡೆ. ನಿಲ್ಲಿಸಲಿಲ್ಲ. ನನಗೂ ಅಳು ಬಂತು, ಇಬ್ಬರೂ ಅತ್ತೆವು. ಇವಳು ಮೊದಲು ನಿಲ್ಲಿಸಿ, ಯಾರಪ್ಪ ಇದು ಅಂತ ನೋಡುವ ಹಾಗೆ ತಲೆ ಹಿಂದಕ್ಕೆ ಎಳೆದು ನನ್ನನ್ನು ನೋಡಿದಳು. ಕುತ್ತಿಗೆ ಇಷ್ಟು ಗಟ್ಟಿಯಾಗಿದ್ದು ಯಾವಾಗ?

ಈಗ ತೊಡೆ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಪೆನ್ನಿಗೆ ಎರಡು ಸಲ ಕೈ ಹಾಕಿದ್ದಾಳೆ, ಅದಕ್ಕೇ ಅಕ್ಷರ ಹೀಗೆ. ಇವತ್ತೂ ಏನೂ ಕೆಲಸ ಆಗಿಲ್ಲ, ಮುಂದೆ ಯಾವಾಗ ಆಗುತ್ತದೋ ಗೊತ್ತಿಲ್ಲ. ಕಿಟಕಿ ಬಿಸಿಲು ಇವಳ ಕಿವಿಯ ಹಿಂದಿನಿಂದ ಬೀಳುತ್ತಿದೆ. ಕಿವಿಯ ಅಂಚು ಬೆಳಗುತ್ತಿದೆ. ಕೆಂಪಿಗೆ ಬಿಳಿ ಜಾಸ್ತಿ ಹಾಕಿ, ಒಂದು ಚೂರು ಹಳದಿ. ಇಲ್ಲ, ಹಳದಿ ಅಷ್ಟು ಬೇಡ, ಮಣ್ಣಾಗುತ್ತದೆ. ನರದ ಹತ್ತಿರ ಎಳೆಯಷ್ಟು ನೀಲಿ.

ಅವ್ವ ಎಷ್ಟು ಹೊತ್ತು ಮಾಡಿದಳು ಅಂತ ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅಂಗಡಿಗೆ ಹೋಗಿಲ್ಲ. ಎದುರು ಮನೆಯ ಜಗಲಿ ಮೇಲೆ ಕೂತಿದ್ದಾಳೆ, ತೊಡೆ ಮೇಲೆ ಖಾಲಿ ಚೀಲ. ನಮ್ಮ ಬಾಗಿಲ ಕಡೆ ಮುಖ ಮಾಡಿಲ್ಲ, ಆದರೆ ಕಿವಿಯೆಲ್ಲ ಇಲ್ಲೇ ಇದೆ, ಕೂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಎದುರು ಮನೆಯವಳು ಏನೋ ಮಾತಾಡಿಸುತ್ತಿದ್ದಾಳೆ, ಅವ್ವ ಉತ್ತರ ಕೊಡುತ್ತಿಲ್ಲ. ಅವಳಿಗೂ ಕೈಕಾಲು ತಣ್ಣಗಾಗಿರಬೇಕು.

ಬಾ ಅಂತ ಕರೆಯೋಣ ಅಂತ ಬಾಯಿ ತೆರೆದೆ. ಕರೆಯಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಕೂತಿರಲಿ.